ಹುಲಿತಾತನ ಮಾತು

ಬಹಳ ಹಿಂದೆ, ಕನ್ನಡಿಗಳಿಗೆ ಬಾಗಿಲಿದ್ದ ಕಾಲದಲ್ಲಿ, ಮಿಂಚುಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಮಾಯಗನ್ನಡಿ. ಸಂಜೆ ಅದನ್ನು ಮುಟ್ಟಿದರೆ ಸಾಕು, ದೇಹ ಮನೆಯಲ್ಲೇ ಮಲಗಿರುತ್ತಿತ್ತು, ಅರಸನಿಂದ ಅಗಸನವರೆಗೆ ಎಲ್ಲರೂ ಒಂದೇ ಆಟದ ನಾಡಿಗೆ ಇಳಿಯುತ್ತಿದ್ದರು. ಅಲ್ಲಿ ಕೆಲವರು ಕತ್ತಿ ಹಿಡಿಯುವವರು, ಕೆಲವರು ಮದ್ದು ಹಾಕುವವರು.

ಆಟದ ಕತೆ ಸಾರುವವನು ಕುಟಿಲಜಟನೆಂಬ ಮಾಂತ್ರಿಕ. ಡಂಗುರ ಹೊಡೆದು "ಇಂದಿನಿಂದ ಕತೆ ಹೀಗೆ" ಎಂದರೆ ಆಟಗಾರರು ಹಾಗೇ ನಡೆಸಬೇಕು. ಸಾರಿದ ಕತೆಯನ್ನು ಒಬ್ಬರೂ ನಡೆಸದಿದ್ದರೆ ಸಾರಿದವನೇ ಕಲ್ಲಾಗಬೇಕು. ಕನ್ನಡಿಯ ಕಟ್ಟಳೆ ಅದು.

ಆ ನಾಡಿನ ಬಾಗಿಲಲ್ಲಿ ಒಂದು ಮುದಿ ಹುಲಿ ಕೂತಿರುತ್ತಿತ್ತು. ಬಂದವರಿಗೆಲ್ಲ ಅದೇ ಮಾತು: "ಬಂದ್ಯಾ ಮಗು? ಹೊತ್ತಾದರೆ ಮನೆಗೆ ಹೋಗು. ನಾಳೆ ಇಲ್ಲೇ ಇರ್ತೀನಿ." ಎಲ್ಲರಿಗೂ ಅದನ್ನೇ ಹೇಳುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೇಳಿತು ಅಂದುಕೊಳ್ಳುತ್ತಿದ್ದರು. ಮನುಷ್ಯರೇ ಹಾಗೆ, ಏನು ಮಾಡೋಣ! ನೇಯುವ ಹೊನ್ನಾಜಿಗಂತೂ ತಾಯಿ ಸತ್ತ ಮೇಲೆ "ಬಂದ್ಯಾ" ಎಂದು ಕೇಳುವ ಜೀವ ಹುಲಿತಾತ ಒಬ್ಬನೇ.

ಆ ಮಾತು ಕೇಳಿ ಜನ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಿದ್ದರು. ಕುಟಿಲಜಟನಿಗೆ ಅದೇ ಹೊಟ್ಟೆಯುರಿ. ಜನ ಆಟದಲ್ಲಿ ಕಳೆದ ಹೊತ್ತೇ ಅವನ ಆಯುಸ್ಸು. ಒಂದು ಸಂಜೆ ಅವನು ಮಂತ್ರ ಹಾಕಿ ಹುಲಿಯ ಮಾತು ಕಿತ್ತುಕೊಂಡು ಡಂಗುರ ಹೊಡೆದ.

"ಹುಲಿ ದ್ರೋಹಿ! ಮೂರು ಏಟಿಗೆ ಕೊಂದರೆ ಚಿನ್ನದ ಕೋಟೆ ತೆರೆಯುತ್ತದೆ!"

ಹುಲಿ ಸತ್ತರೆ ಮನೆಯ ದಾರಿ ಮುಚ್ಚಿಹೋಗುತ್ತದೆ. ಅದನ್ನು ಮಾತ್ರ ಆ ಕಳ್ಳ ಹೇಳಲಿಲ್ಲ.

"ಥೂ! ನೆನ್ನೆ ತನಕ ತಾತ, ಇವತ್ತು ದ್ರೋಹಿಯೆ? ಇದೂ ಒಂದು ಕತೆಯೆ?" ಎಂದು ಕೆಲವರು ಅತ್ತರು.

"ಎಷ್ಟು ದಿನ ಅದೇ ಹುಲಿ, ಅದೇ ಮಾತು? ಕತೆ ಮುಂದೆ ಹೋಗಬೇಡವೆ?" ಎಂದು ಕೆಲವರು ರೇಗಿದರು.

ಜಗಳ ಕೈಕೈ ಮಿಲಾಯಿಸುವ ಮಟ್ಟಕ್ಕೆ ಬಂತು. ಅಷ್ಟರಲ್ಲಿ ರಾಜಕುಮಾರ ಕಾಂಚನಸೇನ ಕತ್ತಿ ಹಿರಿದ. ಆಟದಲ್ಲಿ ಅವನನ್ನು ಮೀರಿಸಿದವರಿಲ್ಲ.

ಮೊದಲ ಏಟು ಹೆಗಲಿಗೆ ಬಿತ್ತು. ಮಾತು ಕಳೆದುಕೊಂಡ ಹುಲಿ ಅವನನ್ನೇ ನೋಡಿತು. ಆಟದಲ್ಲಿ ಮದ್ದು ಹಾಕುವವಳಾದ ಹೊನ್ನಾಜಿ ಓಡಿ ಬಂದು ಮದ್ದಿನೆಲೆ ಒತ್ತಿದಳು. ಗಾಯ ಮಾಯಿತು.

"ಶತ್ರುವಿಗೆ ಮದ್ದು ಹಾಕ್ತಾರೇನೆ, ಹುಚ್ಚಿ?"

"ಯಾರು ಶತ್ರು ಅಂತ ಮದ್ದು ಕೇಳೋದಿಲ್ಲ, ದೊರೆ."

ಎರಡನೆಯ ಏಟು ಎದೆಗೆ ಬಿತ್ತು. ಹೊನ್ನಾಜಿ ಮತ್ತೆ ಎಲೆ ಒತ್ತಿದಳು. ಗಾಯ ಮಾಯಿತು, ಆದರೆ ಅದೇ ಕೊನೆಯ ಎಲೆ.

"ಅವಳ ಜೋಳಿಗೆ ಬರಿದಾಯ್ತು! ಹೊಡಿ, ಹೊಡಿ!" ಎಂದು ಕುಟಿಲಜಟ ಕೇಕೆ ಹಾಕಿದ.

ಮೂರನೆಯ ಏಟಿಗೆ ಕತ್ತಿ ಮೇಲೆದ್ದಿತು. ಹೊನ್ನಾಜಿ ಹುಲಿಗೆ ಅಡ್ಡ ನಿಂತಳು. ಆ ಕತ್ತಿ ಬಿದ್ದರೆ ಮನೆಯಲ್ಲಿ ಮಲಗಿದ ಅವಳ ದೇಹ ಮತ್ತೆ ಏಳುವುದಿಲ್ಲ. ಕೈಯಲ್ಲಿ ಏನೂ ಇಲ್ಲದೆ, ತನಗೆ ಗೊತ್ತಿದ್ದ ಒಂದೇ ಮಾತು ಆಡಿದಳು.

"ಬಂದ್ಯಾ ಮಗು? ಹೊತ್ತಾದರೆ ಮನೆಗೆ ಹೋಗು."

ಕಾಂಚನಸೇನನ ಕೈ ನಿಂತಿತು. ಹುಲಿಯ ಮುಖ ನೋಡಿದ. ಅವನ ಕಣ್ಣು ತುಂಬಿತು.

"ಅರಮನೆಯಲ್ಲಿ ಹುಟ್ಟಿದಂದಿನಿಂದ ಎಲ್ಲರೂ ನನ್ನನ್ನು ಪ್ರಭು ಅಂದರು. ಮಗು ಅಂದದ್ದು ಈ ಹುಲಿಯೊಂದೇ," ಎಂದ. ಕತ್ತಿ ನೆಲಕ್ಕಿಟ್ಟು ಹುಲಿಯ ಪಕ್ಕ ಕೂತುಬಿಟ್ಟ.

ಅತ್ತವರು ಕೂತರು. ರೇಗಿದವರೂ ಗೊಣಗುತ್ತ ಕೂತರು. ಕುಟಿಲಜಟ ಡಂಗುರ ಹೊಡೆದ, ಯಾರೂ ಏಳಲಿಲ್ಲ. ಅವನ ಕಾಲು ಕಲ್ಲಾಯಿತು. ಮತ್ತೆ ಹೊಡೆದ, ಸೊಂಟ ಕಲ್ಲಾಯಿತು. ಮೂರನೆಯ ಸಲ "ಇಂದಿನಿಂದ ಕತೆ..." ಎನ್ನುವಷ್ಟರಲ್ಲಿ ನಾಲಿಗೆಯೂ ಕಲ್ಲಾಯಿತು. ಹುಲಿಯ ಮಾತು ಹುಲಿಗೆ ಮರಳಿತು.

ಅಂದಿನಿಂದ ಕತೆಯನ್ನು ಆಟಗಾರರೇ ಕೂಡಿ ಸಾರಿದರು. ಜಗಳವಿಲ್ಲದ ಸಂಜೆಯಿಲ್ಲ, ಆದರೂ ಸುಖವಾಗಿದ್ದರು. ಕುಟಿಲಜಟ ಕಲ್ಲಾದ ಮರುದಿನ ಹೊನ್ನಾಜಿ ಅಳುಕುತ್ತಲೇ ಕನ್ನಡಿ ಮುಟ್ಟಿದಳು. ಹುಲಿತಾತ ಬಾಗಿಲಲ್ಲೇ ಕೂತಿದ್ದ.

"ಬಂದ್ಯಾ ಮಗು?" ಎಂದ.

ಕತೆ ಮುಗಿಯಿತು. ಹೊತ್ತಾಯಿತು, ನೀವೂ ಮನೆಗೆ ಹೋಗಿ.