ಗ್ಯಾರೇಜಿನ ಮುಂದೆಯೇ ನಿಲ್ಲುವ ಬೈಕು

ನಾಲ್ಕನೆಯ ದಿನವೂ ಬೈಕು ಅಲ್ಲೇ ನಿಂತಿತು — ಭಾವಮೈದನ ಗ್ಯಾರೇಜಿನ ಎದುರಿಗೇ! ಡ್ರಾಯಿಂಗ್ ಮೇಷ್ಟ್ರ ಮರ್ಯಾದೆ ಮೂರಾಬಟ್ಟೆಯಾಯಿತು. ಹೆಂಡತಿಯ ತಮ್ಮ ಒಳಗಿನಿಂದ ಇಣುಕಿ ನಕ್ಕ. ನಾಲ್ಕು ಹೆಜ್ಜೆ ನೆಟ್ಟಗೆ ತಳ್ಳಿ ಕಿಕ್ ಹೊಡೆದರೆ, ಏನೂ ಆಗಿಲ್ಲವೆಂಬಂತೆ ಬೈಕು ಹೊರಟೇಬಿಟ್ಟಿತು.

ಇನ್ಯಾರು? ಇದು ಅವನದೇ ಕಿತಾಪತಿ. ಬೈಕಿಗೆ ಎತ್ತರದ ಹೊಸ ಹ್ಯಾಂಡಲ್ ತಂದಾಗ, ವೈರಿಂಗ್ ತಾನು ಮಾಡಿಕೊಡುತ್ತೇನೆಂದು ಆತ ಹೇಳಿದ್ದ. ಅದೇನು ಬ್ರಹ್ಮವಿದ್ಯೆಯೇ ಎಂದು ಮೇಷ್ಟ್ರು ತಾವೇ ಜೋಡಿಸಿಕೊಂಡಿದ್ದರು. ಆ ಹೊಟ್ಟೆಕಿಚ್ಚಿಗೆ ಏನೋ ಮಾಡಿಟ್ಟಿದ್ದಾನೆ! ಇನ್ನು ಅವನು ಈ ಮನೆಯ ಹೊಸಿಲು ತುಳಿಯಕೂಡದು ಎಂದು ಗುಡುಗಿದರು. ಹೆಂಡತಿ ಕೇಳಿಸಿಕೊಂಡು ಒಂದೇ ಷರತ್ತು ಹಾಕಿದಳು: ತಮ್ಮ ಮಾಡಿದ್ದು ಸಾಬೀತಾದರೆ ಬಾಗಿಲು ಹಾಕುವವಳು ಅವಳೇ, ಇಲ್ಲದಿದ್ದರೆ ಮೇಷ್ಟ್ರು ಗ್ಯಾರೇಜಿಗೆ ಹೋಗಿ ಗಿರಾಕಿಗಳ ಮುಂದೆ ತಪ್ಪೊಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ಗಂಡನ ಜೊತೆ ಮಾತು ಬಂದ್.

ತನಿಖೆಗೆ ಕೂತವರು ಮೇಷ್ಟ್ರ ಸೋದರತ್ತೆ. ಮೂವತ್ತು ವರ್ಷ ಅಂಗಿ ಹೊಲಿದ ದರ್ಜಿ; ಬೈಕಿನ ಗಂಧಗಾಳಿಯೂ ಇಲ್ಲ.

"ಅವನು ಬೈಕು ಮುಟ್ಟಿದ್ದನ್ನ ನೋಡಿದೀಯಾ?"

"ಇಲ್ಲ ಅತ್ತೆ. ಆದ್ರೆ ನಿಲ್ಲೋದು ಅವನ ಅಂಗಡಿ ಮುಂದೇನೇ ಅಲ್ವಾ?"

"ಅಂಗಡಿ ಇರೋದೆಲ್ಲಿ?"

"ಗಲ್ಲಿ ಮುಗಿದು ಎಡಕ್ಕೆ ತಿರುಗೋ ಮೂಲೇಲಿ. ಬಲೇ ಇಕ್ಕಟ್ಟು."

"ಅಂಥ ಎಡ ತಿರುವು ದಾರೀಲಿ ಇನ್ನೊಂದಿದೆಯಾ?"

ಮೇಷ್ಟ್ರು ಯೋಚಿಸಿದರು. ಇರಲಿಲ್ಲ.

"ವೈರು ಕಟ್ಟುವಾಗ ಬೈಕು ಎಲ್ಲಿ ನಿಲ್ಲಿಸಿದ್ದೆ?"

"ಮನೆ ಪಕ್ಕದ ಓಣೀಲಿ, ಗೋಡೆಗೆ ಒತ್ತಿ. ಹ್ಯಾಂಡಲ್ ತಿರುಗಿಸೋಕೂ ಜಾಗ ಇರಲಿಲ್ಲ."

ಅತ್ತೆ ಬೈಕನ್ನು ಅಂಗಳಕ್ಕೆ ತರಿಸಿ ಎಂಜಿನ್ ಶುರು ಮಾಡಿಸಿದರು. ಹ್ಯಾಂಡಲ್ ಬಲಕ್ಕೆ ತಿರುಗಿತು — ಎಂಜಿನ್ ಓಡುತ್ತಲೇ ಇತ್ತು. ಪೂರ್ತಿ ಎಡಕ್ಕೆ? ಗಪ್‌ಚಿಪ್! ನೆಟ್ಟಗೆ ಮಾಡಿ ಕಿಕ್ ಹೊಡೆದರೆ ಮತ್ತೆ ಶುರು. ಅತ್ತೆ ಬಗ್ಗಿ ನೋಡಿದರು. ಮೇಷ್ಟ್ರು ವೈರುಗಳನ್ನು ಒಂದೆಳೆಯೂ ಜೋಲಾಡದಂತೆ, ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಬಿಗಿದು ಕಟ್ಟಿದ್ದರು.

"ತೋಳಿನ ಅಳತೆ ತೊಗೊಂಡ್ಮೇಲೆ ಕೈ ಎತ್ತಿಸಿ ನೋಡಬೇಕು ಕಣಪ್ಪ. ನೀನು ಇಳಿಬಿಟ್ಟ ಕೈಗೇ ಅಂಗಿ ಹೊಲಿದಿದೀಯ. ಎಡಕ್ಕೆ ತಿರುಗಿದಾಗ ಬಲಗಡೆ ವೈರು ಜಗ್ಗುತ್ತೆ, ತುದಿ ಬಿಡುತ್ತೆ, ಎಂಜಿನ್ ನಿಲ್ಲುತ್ತೆ. ನಾಲ್ಕು ಹೆಜ್ಜೆ ನೆಟ್ಟಗೆ ತಳ್ಳಿದ್ರೆ ಮತ್ತೆ ತಾಗುತ್ತೆ. ಹೊರಡೋದನ್ನ ದಿನಾ ನೋಡಿದೆ, ಯಾಕೆ ಹೊರಡುತ್ತೆ ಅಂತ ಕೇಳ್ಕೊಳ್ಳಲಿಲ್ಲ. ಅಪರಾಧಿ ನೀನೇ."

ಕಿಟಕಿಯಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಲು ಮೇಷ್ಟ್ರಿಗೆ ಮುಖವಿರಲಿಲ್ಲ. ಕಟ್ಟು ಬಿಚ್ಚಲು ಅತ್ತೆಯ ಕತ್ತರಿಗೆ ಕೈ ಚಾಚಿದರು. ಅತ್ತೆ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡರು.

"ಈಗಲೇ ಸರಿ ಮಾಡಬೇಡ. ಆಮೇಲೆ ನೀನಾಗಿ ಅವನ ಅಂಗಡಿ ಮುಂದೆ ನಿಲ್ತೀಯಾ?"

ಐದನೆಯ ದಿನವೂ ಬೈಕು ಅಲ್ಲೇ ನಿಂತಿತು. ಗ್ಯಾರೇಜಿನಲ್ಲಿ ಗಿರಾಕಿಗಳು ತುಂಬಿದ್ದರು. ಭಾವಮೈದ ಇಣುಕಿದ. ಮೇಷ್ಟ್ರು ಈ ಸಲ ತಳ್ಳಲಿಲ್ಲ. ಸ್ಟ್ಯಾಂಡ್ ಹಾಕಿ, ಒಳಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ತಪ್ಪು ನಂದೇ ಕಣಯ್ಯ. ವೈರು ಸ್ವಲ್ಪ ಸಡಿಲ ಬಿಟ್ಟು ಕಟ್ಟಿಕೊಡು. ಸಂಜೆ ಊಟಕ್ಕೆ ಬಾ, ನಿಮ್ಮಕ್ಕ ಕಾಯ್ತಿರ್ತಾಳೆ."