ಅಳಿಯ ತಂದ ಪವರ್ ಸಪ್ಲೈ

ಪಿಸ್ತೂಲಿನ ತುದಿ ನನ್ನ ಕತ್ತಿಗೆ ತಾಗಿತ್ತು. ನನ್ನ ಕೈಯಲ್ಲಿ ಇದ್ದದ್ದು ಒಂದು ಸ್ಕ್ರೂಡ್ರೈವರ್.

ಪಿಸ್ತೂಲು ರೌಡಿ ದೊಡ್ಡಣ್ಣನದು. ಸ್ಕ್ರೂಡ್ರೈವರ್ ಕೂಡ ಅವನದೇ.

"ಸ್ಕ್ರೂ ಮತ್ತೆ ಮತ್ತೆ ಬೀಳಿಸ್ತಿದೀಯಲ್ಲೋ," ಅಂದ.

"ಕತ್ತಿನ ಮೇಲಿಂದ ಅದನ್ನ ತೆಗೆದರೆ ಬೀಳಿಸಲ್ಲ."

ತೆಗೆಯಲಿಲ್ಲ.

ಹೇಗೆ ಸಿಕ್ಕಿಬಿದ್ದೆ ಅಂತೀರಾ? ದೊಡ್ಡಣ್ಣ ಮಾಡಿದ ಕೊಲೆಯನ್ನು ಒಬ್ಬ ಹುಡುಗಿ ಕಣ್ಣಾರೆ ಕಂಡಿದ್ದಳು. ವಕೀಲರು ಅವಳನ್ನು ಎಲ್ಲೋ ಬಚ್ಚಿಟ್ಟಿದ್ದರು. ಆ ಜಾಗದ ವಿಳಾಸವಿದ್ದ ಹಾರ್ಡ್ ಡಿಸ್ಕನ್ನು ದೊಡ್ಡಣ್ಣನ ಕಡೆಯವರು ಎಗರಿಸಿದರು. ಅದನ್ನು ವಾಪಸ್ ಎಗರಿಸಲು ಹೊರಟ ಪತ್ತೇದಾರ ನಾನು. ಕಾಂಪೌಂಡ್ ಹಾರಿದ್ದು ಚೆನ್ನಾಗಿಯೇ ಇತ್ತು... ಇಳಿದದ್ದು ಮಾತ್ರ ಅವನ ಡ್ರೈವರನ ಎದುರಿಗೆ.

ಆ ಹುಡುಗಿ ನನ್ನ ಒಡಹುಟ್ಟಿದ ತಂಗಿ.

ಅದು ಅವರಿಗೆ ಗೊತ್ತಿರಲಿಲ್ಲ. ನನಗೆ ಭಯವಾಗಿದ್ದು ಪಿಸ್ತೂಲಿಗಲ್ಲ, ನನ್ನ ಮುಖ ಎಲ್ಲಿ ಬಾಯಿಬಿಡುತ್ತದೋ ಎಂದು.

ಡಿಸ್ಕ್ ಇತ್ತು, ತೆರೆದು ನೋಡಲು ಕಂಪ್ಯೂಟರ್ ಇರಲಿಲ್ಲ. ಮನೆಯಲ್ಲಿದ್ದವನ್ನೆಲ್ಲ ಪೊಲೀಸರು ಹೊತ್ತೊಯ್ದಿದ್ದರು. ಇಡಿಯಾಗಿ ಹೊಸದು ಕೊಂಡರೆ ಸುಳಿವು ಸಿಕ್ಕೀತೆಂದು ದೊಡ್ಡಣ್ಣನ ಅಳಿಯ ಒಂದೊಂದು ಅಂಗಡಿಯಲ್ಲಿ ಒಂದೊಂದು ಪಾರ್ಟ್ ತಂದಿದ್ದ. ಬಿಲ್ ಕೂಡ ಹಾಕಿಸಿರಲಿಲ್ಲ. ವಿಡಿಯೋ ನೋಡಿ ಜೋಡಿಸಲು ಹೋಗಿ ಒಂದು ಮದರ್‌ಬೋರ್ಡಿನ ಪಿನ್ ಬಗ್ಗಿಸಿ ಮಾವನಿಂದ ಉಗಿಸಿಕೊಂಡಿದ್ದ. ನನಗೆ ಜೋಡಿಸಲು ಬರುತ್ತದೆ ಎಂದೆ. ಅದಕ್ಕೇ ಇನ್ನೂ ಉಸಿರಾಡುತ್ತಿದ್ದೆ.

ಕಿಟಕಿಯಿಲ್ಲದ ಸ್ಟೋರ್ ರೂಮ್. ಒಳಕ್ಕೆ ತೆರೆಯುವ ಕಬ್ಬಿಣದ ಬಾಗಿಲು. ಮೇಲೆ ಗುಂಯ್‌ಗುಡುವ ಮ್ಯಾಗ್ನೆಟ್ ಲಾಕ್... ಕರೆಂಟ್ ಇರುವವರೆಗೂ ಬಿಡುವುದಿಲ್ಲ. ತೆಗೆಯುವ ಕಾರ್ಡ್ ಹೊರಗೆ ಕಾವಲಿದ್ದ ಡ್ರೈವರನ ಬಳಿ. ಮನೆಯ ಮೇನ್ ಸ್ವಿಚ್ ಕೂಡ ಹೊರಗೇ, ಬಾಗಿಲ ಪಕ್ಕದ ಗೋಡೆಯಲ್ಲಿ; ನನ್ನನ್ನು ಎಳೆದು ತರುವಾಗ ಕಂಡಿದ್ದೆ. ಒಳಗಿನಿಂದ ತೆಗೆಯಲು ಒಂದು ಬಟನ್ ಕೂಡ ಇಲ್ಲ.

ಆದರೆ ಲಾಕಿನ ಪಕ್ಕದ ಪೆಟ್ಟಿಗೆಗೆ ಮುಚ್ಚಳವಿರಲಿಲ್ಲ. ಬ್ಯಾಟರಿ ಇರಬೇಕಾದ ಜಾಗ ಖಾಲಿ. ಲಾಕ್ ಹಾಕಿಸಿದ್ದು ಯಾರೆಂದು ಕೇಳಿದೆ. ಅಳಿಯ ಎದೆಯುಬ್ಬಿಸಿದ.

ಕರೆಂಟ್ ಹೋದರೆ ಬಾಗಿಲು ಬಿಡುತ್ತದೆ. ಕರೆಂಟ್ ತೆಗೆಯುವುದು ಹೇಗೆ?

ಪ್ರೊಸೆಸರ್ ಕೂರಿಸಿದೆ. ಪೇಸ್ಟ್ ಹಚ್ಚಿ ಕೂಲರ್ ಬಿಗಿದೆ. ಹೊತ್ತು ತಳ್ಳಲು ಕೂಲರಿನ ಫ್ಯಾನ್ ಕೇಬಲ್ ಬೇಕೆಂದೇ ಬಿಟ್ಟೆ. ಅಳಿಯ ಹಿಡಿದುಬಿಟ್ಟ!

"ಮಾವ, ಇವನು ಆಟ ಆಡ್ತಿದ್ದಾನೆ. ಈ ಕೇಬಲ್ ಹಾಕಿಲ್ಲ."

ಕತ್ತಿನ ಬಳಿ ಪಿಸ್ತೂಲು ಕಟಕ್ಕೆಂದಿತು.

"ಇನ್ನೊಂದು ಸಲ ಹೀಗಾದರೆ ಡಿಸ್ಕ್ ಓದೋಕೆ ಬೇರೆಯವರನ್ನ ಹುಡುಕ್ತೀನಿ," ಅಂದ ದೊಡ್ಡಣ್ಣ. "ಆ ಹುಡುಗಿಗೆ ಇವತ್ತೇ ಕೊನೆ ದಿನ."

ತಲೆ ಎತ್ತದೆ ಕೇಬಲ್ ಹಾಕಿದೆ.

ಉಳಿದದ್ದು ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಹಂಚುವ ಪೆಟ್ಟಿಗೆ, ಪವರ್ ಸಪ್ಲೈ. ತಿರುಗಿಸಿ ನೋಡಿದೆ. ಎದೆ ಧಸಕ್ಕೆಂದಿತು... ಸಂತೋಷಕ್ಕೆ! ಮಿಕ್ಕಿದ್ದೆಲ್ಲ ಒಳ್ಳೇ ಮಾಲು. ಇದೊಂದು ಮಾತ್ರ ಅಂಗಡಿಯಲ್ಲೇ ಅತಿ ಅಗ್ಗದ ಡಬ್ಬಾ. ಒಳ್ಳೆಯ ಸಪ್ಲೈ ವೋಲ್ಟೇಜನ್ನು ತಾನೇ ನೋಡಿಕೊಳ್ಳುತ್ತದೆ. ಇದರ ಬೆನ್ನಿನ ಮೇಲೆ ಪುಟ್ಟ ಕೆಂಪು ಸ್ವಿಚ್ ಇತ್ತು. ಒಂದು ಕಡೆ ೨೩೦, ಇನ್ನೊಂದು ಕಡೆ ೧೧೫. ಗೋಡೆಯಲ್ಲಿ ಬರುವುದು ೨೩೦.

ಸ್ಕ್ರೂಡ್ರೈವರಿನ ತುದಿಯಲ್ಲಿ ೧೧೫ಕ್ಕೆ ಸರಿಸಿದೆ.

"ಅದೇನದು?" ಅಳಿಯ ಬಗ್ಗಿದ.

"ಫ್ಯಾನ್ ಸ್ಪೀಡು. ನಿಮ್ಮ ವಿಡಿಯೋದಲ್ಲಿ ತೋರಿಸಿಲ್ವಾ?"

ಮಾವ ಅವನನ್ನೇ ನೋಡಿದ.

"ಓ... ತೋರಿಸಿದ್ರು, ತೋರಿಸಿದ್ರು," ಅಂದ ಅಳಿಯ.

ಡಿಸ್ಕಿಗೆ ಸ್ಕ್ರೂ ಹಾಕಲಿಲ್ಲ. ಕೇಬಲ್ ಸಿಕ್ಕಿಸಿ ಹಾಗೇ ಇಟ್ಟೆ. ಆನ್ ಮಾಡುವ ಗೌರವವನ್ನು ಅಳಿಯನಿಗೇ ಬಿಟ್ಟುಕೊಟ್ಟೆ. ಮಾವನ ಮುಂದೆ ಒಂದಾದರೂ ಕೆಲಸ ಮಾಡಿ ತೋರಿಸುವ ಆಸೆ ಪಾಪ ಅವನಿಗೆ. ಗೋಡೆಯ ಸ್ವಿಚ್ ಒತ್ತಿದ.

ಢಮ್!

ಬೆಂಕಿಯ ಕಿಡಿ, ಸುಟ್ಟ ವಾಸನೆ, ಕತ್ತಲು. ೧೧೫ಕ್ಕಿಟ್ಟ ಡಬ್ಬಾ ೨೩೦ಕ್ಕೆ ಸಿಡಿದು ಮನೆಯ ಮೇನ್ ಸ್ವಿಚ್ ಬೀಳಿಸಿತ್ತು. ಲಾಕಿನ ಗುಂಯ್ ನಿಂತಿತು.

ನೆಲಕ್ಕೆ ಬಿದ್ದೆ. ಒಂದು ಗುಂಡು ಗೋಡೆಗೆ ಬಡಿಯಿತು.

"ಹೊಡೀಬೇಡಿ ಮಾವ, ನಾನಿದ್ದೀನಿ!"

ಡಿಸ್ಕ್ ಕಿತ್ತುಕೊಂಡೆ. ಮೇನ್ ಸ್ವಿಚ್ ಮತ್ತೆ ಬೀಳಬಾರದೆಂದು ಗೋಡೆಯ ಪ್ಲಗ್ಗನ್ನೂ ಎಳೆದೆ. ಗುಂಡಿನ ಸದ್ದಿಗೆ ಡ್ರೈವರ್ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದ. ಅವನ ಪಕ್ಕದಲ್ಲೇ ತೆವಳಿ ಹೊರಬಿದ್ದು ಬಾಗಿಲು ಎಳೆದುಕೊಂಡೆ. ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈ ಪಕ್ಕದ ಗೋಡೆಯ ಸ್ವಿಚ್ ಬೋರ್ಡಿಗೆ. ಒಳಗಿನಿಂದ ಮೂವರೂ ಜಗ್ಗುತ್ತಿದ್ದರು. ಬಾಗಿಲು ಬೆರಳಷ್ಟು ತೆರೆಯಿತು... ಕಾಲನ್ನು ಗೋಡೆಗೆ ಕೊಟ್ಟು ಜೀವ ಹೋಗುವಂತೆ ಎಳೆದೆ. ಕೆಳಗೆ ಬಿದ್ದಿದ್ದ ಮೇನ್ ಸ್ವಿಚ್ ಮೇಲೆತ್ತಿದೆ.

ಗುಂಯ್!

ಎಷ್ಟು ಇಂಪಾದ ಸದ್ದು ಗೊತ್ತಾ? ನಾನು ಬಿಟ್ಟರೂ ಬಾಗಿಲು ಬಿಡಲಿಲ್ಲ.

ಡಿಸ್ಕನ್ನು ಎದೆಗೊತ್ತಿಕೊಂಡೆ. ತಂಗಿ ಉಳಿದಳು. ಕಣ್ಣಲ್ಲಿ ನೀರು ಬಂತು, ಹೊಗೆಗೆ ಅಂತಲೇ ಇಟ್ಟುಕೊಳ್ಳಿ. ಪೊಲೀಸರಿಗೆ ಫೋನ್ ಮಾಡಿ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಒಳಗೆ ಮಾವ ಅಳಿಯನಿಗೆ ಬಾರಿಸುತ್ತಿದ್ದ ಸದ್ದು ಕೇಳುತ್ತಿತ್ತು.

ಬಾಗಿಲಿಗೆ ಬಾಯಿಟ್ಟು ಹೇಳಿದೆ:

"ಹೊಡೀಬೇಡಿ ದೊಡ್ಡಣ್ಣ. ಆ ಡಬ್ಬಾಗೆ ವಾರಂಟಿ ಇರುತ್ತೆ... ಬಿಲ್ ತೋರಿಸಿದರೆ ಬದಲಾಯಿಸಿ ಕೊಡ್ತಾರೆ."