ಬಿಟ್ಟುಬಿಡಿ ಅಂದವನು

ಪರದೆಯ ಮೇಲೆ ಅಂಕ ಮೂಡಿತು.

ಅವಳು ನೋಡಿದಳು. ಕಣ್ಣು ಮುಚ್ಚಿ, ತೆರೆದು, ಮತ್ತೆ ನೋಡಿದಳು. ಅಂಕ ಅಲ್ಲೇ ಇತ್ತು.

ಇಷ್ಟೇನಾ...? ಇದು ನನ್ನದೇನಾ...?

ಎಂಬಿಎ ಪ್ರವೇಶ ಪರೀಕ್ಷೆ. ಮನೆಯಲ್ಲಿ ಅಭ್ಯಾಸಕ್ಕೆ ಬರೆದಾಗಲೆಲ್ಲ ಬರುತ್ತಿದ್ದ ಅಂಕಕ್ಕೂ ಇದಕ್ಕೂ ಅಜಗಜಾಂತರ. ಅಂಕ ಇಟ್ಟುಕೊಳ್ಳುವಿರೋ ಅಳಿಸುವಿರೋ ಎಂದು ಕಂಪ್ಯೂಟರ್ ಕೇಳಿತು. ಯಾವುದನ್ನೋ ಒತ್ತಿ ಎದ್ದು ಹೊರಗೆ ಬಂದಳು.

ಹೊರಗಿನ ಕೋಣೆಯಲ್ಲಿ ಪರೀಕ್ಷೆ ಬರೆಯುವವರ ಚೀಲ, ಫೋನು ಇಡಲು ಲಾಕರ್‌ಗಳಿದ್ದವು. ಅವಳು ಕೀಲಿ ಹಾಕಿ ತಿರುಗಿಸಿದಳು. ಬಾಗಿಲು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಇದೂ ನನ್ನ ಮೇಲೆ ಹಗೆ ಸಾಧಿಸುತ್ತಿದೆಯಲ್ಲ ಎಂದುಕೊಂಡು ಜೋರಾಗಿ ಜಗ್ಗಿದಳು.

"ಮೇಡಂ, ಅದು ನನ್ನ ಲಾಕರು. ನಿಮ್ಮದು ಪಕ್ಕದ್ದು."

ತಿರುಗಿ ನೋಡಿದರೆ ಒಬ್ಬ ಯುವಕ ನಿಂತಿದ್ದ. ನಿಂತಿದ್ದು ಮಾತ್ರವಲ್ಲ, ನಗುತ್ತಿದ್ದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ನಗೋಕೆ ಏನಿದೆ ಇದ್ರಲ್ಲಿ?"

"ಅಯ್ಯೋ, ನಿಮ್ಮನ್ನ ನೋಡಿ ನಗ್ತಿಲ್ಲ. ಕೊನೇಲಿ ಅಂಕ ಇಟ್ಕೋತೀರಾ, ಅಳಿಸ್ತೀರಾ ಅಂತ ಕೇಳುತ್ತಲ್ಲ, ಅದನ್ನ ಪೂರ್ತಿ ಓದದೇ ಒತ್ತಿಬಿಟ್ಟೆ. ಅಳಿಸಿಹೋಯ್ತು. ಎಷ್ಟು ಬಂದಿತ್ತು ಅಂತಾನೂ ನೋಡ್ಲಿಲ್ಲ. ಗಂಡಸು, ಇಲ್ಲಿ ಕೂತು ಅಳೋಕಾಗುತ್ತಾ? ಅದಕ್ಕೇ ನಗ್ತಿದ್ದೀನಿ."

ಅವಳು ಬೆರಗಾಗಿ ಅವನನ್ನೇ ನೋಡಿದಳು. ಇಂಥವರೂ ಇರುತ್ತಾರಾ? ಆದರೆ ತನ್ನ ಸಂಕಟವೇ ದೊಡ್ಡದಾಗಿರುವಾಗ ಬೇರೆಯವರದ್ದು ಎಲ್ಲಿ ತಟ್ಟೀತು! ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕನ್ನಡಕ ತೆಗೆದಳು, ಅದರ ಕಡ್ಡಿ ಕಳಚಿ ಕೈಗೆ ಬಂತು.

ಆಗ ಅವನು ನಗಲಿಲ್ಲ. ಲಾಕರ್‌ನಿಂದ ಚೀಲ ತೆಗೆದು ಅದರಿಂದೊಂದು ಪುಟಾಣಿ ಸ್ಕ್ರೂ ಡ್ರೈವರ್ ಹೊರತೆಗೆದ. "ಕೊಡಿ. ನಂದು ಕನ್ನಡಕದ ಅಂಗಡಿ. ನಿಮ್ಮ ಆಸ್ಪತ್ರೆ ಹಿಂದಿನ ಬೀದೀಲೇ."

"ನಾನು ಆಸ್ಪತ್ರೇಲಿ ಕೆಲಸ ಮಾಡೋದು ನಿಮಗೆ ಹೇಗೆ ಗೊತ್ತು?"

"ನಿಮ್ಮ ಗುರುತಿನ ಚೀಟಿ ಕೊರಳಲ್ಲೇ ಇದೆ."

ಅವಳು ಆಸ್ಪತ್ರೆಯ ಲಾಂಡ್ರಿ ವಿಭಾಗದ ಮೇಲ್ವಿಚಾರಕಿ. ವಾರ್ಡುಗಳ ಹಾಸಿಗೆ ಬಟ್ಟೆ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎಲ್ಲ ಅವಳ ಕೈ ದಾಟಿಯೇ ಹೋಗಬೇಕು. ಅಲ್ಲಿಂದ ಆಡಳಿತ ವಿಭಾಗಕ್ಕೆ ಏರಬೇಕಾದರೆ ಸಂಜೆ ಕಾಲೇಜಿನ ಎಂಬಿಎ ಬೇಕು, ಅದಕ್ಕೆ ಈ ಪರೀಕ್ಷೆ ಬೇಕು. ಅರ್ಜಿಯ ಗಡುವಿನೊಳಗೆ ಇನ್ನೊಂದೇ ಸಲ ಬರೆಯಲು ಅವಕಾಶ. ಅದೂ ಕೈ ತಪ್ಪಿದರೆ ಆ ಕುರ್ಚಿ ಬೇರೆಯವರ ಪಾಲು.

ಕಡ್ಡಿ ಕೂರಿಸುತ್ತಲೇ ಅವನು ಕೇಳಿದ. "ಮನೇಲಿ ಬರೆದಾಗ ಜಾಸ್ತಿ ಬರ್ತಿತ್ತಾ?"

"ತುಂಬಾ ಜಾಸ್ತಿ."

"ಒಂದೇ ಪ್ರಶ್ನೆಪತ್ರಿಕೇನ ಮತ್ತೆ ಮತ್ತೆ ಬರೆದ್ರಾ?"

"ಹೂಂ. ಎಲ್ಲಾ ಸರಿ ಆಗೋವರೆಗೂ."

"ಹಾಗಾದ್ರೆ ಅದು ನಿಮ್ಮ ಅಂಕ ಅಲ್ಲ ಮೇಡಂ. ನಿಮ್ಮ ನೆನಪಿನ ಅಂಕ. ಇವತ್ತು ಬಂದಿದ್ದೇ ನಿಜವಾದ್ದು."

ಎದೆಗೆ ಒದ್ದ ಹಾಗಾಯಿತು. ಕನ್ನಡಕ ಕಿತ್ತುಕೊಂಡು ಮೂಗಿಗೇರಿಸಿದಳು. "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ," ಎಂದು ತನ್ನ ಲಾಕರ್‌ನಿಂದ ಚೀಲ ಎಳೆದುಕೊಂಡು ಹೊರಟೇ ಹೋದಳು. ಧನ್ಯವಾದ ಹೇಳುವುದು ಮರೆತೇಹೋಯಿತು.

ಆದರೆ ನಿಜದ ಗುಣವೇ ಹಾಗೆ. ಕಿವಿಗೆ ಬಿದ್ದ ಮೇಲೆ ಸುಮ್ಮನೆ ಕೂರಲು ಬಿಡುವುದಿಲ್ಲ. ಅಂದು ಮಧ್ಯಾಹ್ನದ ಡ್ಯೂಟಿಯಲ್ಲಿ, ಹಬೆಯ ನಡುವೆ ಬಟ್ಟೆ ಎಣಿಸುವಾಗಲೂ ಅವಳಿಗೆ ಅದೇ ಮಾತು. ಪರೀಕ್ಷೆಗೆ ಮುಂಚೆ ಕೊನೆಯ ತಿಂಗಳು ಪ್ರಶ್ನೆ ಓದುವ ಮೊದಲೇ ಉತ್ತರ ನೆನಪಾಗುತ್ತಿತ್ತಲ್ಲ... ಅದನ್ನೇ ಬುದ್ಧಿವಂತಿಕೆ ಎಂದು ಬೀಗುತ್ತಿದ್ದೆನಲ್ಲ!

ಮರುದಿನ ಡ್ಯೂಟಿಗೆ ಮುಂಚೆ ಕನ್ನಡಕದ ಅಂಗಡಿಯ ಮುಂದೆ ನಿಂತಿದ್ದಳು. ಅವನು ಶಟರ್ ಎತ್ತುತ್ತಿದ್ದ.

"ಕಡ್ಡಿ ಮತ್ತೆ ಸಡಿಲ ಆಯ್ತಾ?"

"ಇಲ್ಲ. ಮತ್ತೆ ಬರೀಬೇಕು. ಹೇಗೆ ಓದ್ಬೇಕು ಅಂತ ಗೊತ್ತಾಗ್ತಿಲ್ಲ," ಎಂದಳು ತಲೆ ತಗ್ಗಿಸಿ.

"ನಾನೂ ಬರೀಬೇಕು. ಅಂಗಡಿ ಬೆಳೆಸೋಕೆ ನನಗೂ ಆ ಎಂಬಿಎ ಬೇಕು. ಒಳಗೆ ಬನ್ನಿ."

ಹೀಗೆ ಶುರುವಾಯಿತು. ಇಬ್ಬರೂ ಒಂದೇ ದಿನಕ್ಕೆ ಪರೀಕ್ಷೆ ಗೊತ್ತು ಮಾಡಿಕೊಂಡರು. ಅಂಗಡಿಗೆ ಗಿರಾಕಿ ಬರುವ ಮೊದಲು, ಕಣ್ಣು ಪರೀಕ್ಷಿಸುವ ಅಕ್ಷರದ ಫಲಕದ ಕೆಳಗೆ ಕೂತು ಓದು.

ಮೊದಲ ದಿನವೇ ಜಗಳ. "ಎಷ್ಟು ಅಂಕ ಬರಬೇಕು?" ಎಂದು ಅವನು ಕೇಳಿದ. ಅವಳು ಆಕಾಶದಷ್ಟು ಹೇಳಿದಳು.

"ಸಂಜೆ ಕಾಲೇಜಿಗೆ ಅಷ್ಟು ಬೇಕಾ?"

"ಬೇಡ. ಆದ್ರೂ..."

"ಆದ್ರೂ ಗೀದ್ರೂ ಬೇಡ. ಬೇಕಾಗಿದ್ದು ಎಷ್ಟೋ ಅದಕ್ಕಿಂತ ಸ್ವಲ್ಪ ಮೇಲೆ ಇಟ್ಕೊಳ್ಳೋಣ. ನೀವು ದಿನವಿಡೀ ದುಡಿಯೋರು. ಆಗೋ ಅಷ್ಟು ಓದಿ, ಆಗೋ ಅಷ್ಟೇ ಆಸೆ ಪಡಿ."

ಅವಳ ಮುಖ ಸಪ್ಪಗಾಯಿತು. ನನ್ನನ್ನು ಇಷ್ಟೇ ಎಂದು ಅಳೆದುಬಿಟ್ಟನಲ್ಲ...

ಆದರೆ ಅವನ ದಾರಿ ಸರಿಯಿತ್ತು. ಹಳೆಯ ಪತ್ರಿಕೆಗಳು ಕಸದ ಬುಟ್ಟಿಗೆ ಹೋದವು. ಹೊಸ ಪತ್ರಿಕೆಗಳನ್ನು ವಾರಕ್ಕೊಂದರಂತೆ ಮಾತ್ರ, ಪರೀಕ್ಷೆಯ ಹೊತ್ತಿಗೆ ಸರಿಯಾಗಿ, ರಜೆಯ ದಿನ ಬರೆಯಬೇಕು. ಉಳಿದ ದಿನ ಮಾಡಿದ ತಪ್ಪುಗಳದ್ದೇ ವಿಚಾರಣೆ. ಇದು ಗೊತ್ತಿಲ್ಲದೆ ತಪ್ಪಿದ್ದಾ, ಆತುರಕ್ಕೆ ತಪ್ಪಿದ್ದಾ, ಇಲ್ಲ ಹಿಂದಿನ ಪ್ರಶ್ನೆಗೆ ಹೊತ್ತು ಕಳೆದು ತಪ್ಪಿದ್ದಾ?

ಅವಳ ತಪ್ಪುಗಳಲ್ಲಿ ಮುಕ್ಕಾಲು ಪಾಲು ಕೊನೆಯ ಜಾತಿಯವು. ಕಷ್ಟದ ಪ್ರಶ್ನೆ ಸಿಕ್ಕರೆ ಅವಳು ಬಿಡುತ್ತಲೇ ಇರಲಿಲ್ಲ.

"ಒಂದು ಬೆಡ್‌ಶೀಟಿನ ಕಲೆ ಹೋಗಲ್ಲ ಅಂತ ಇಡೀ ವಾರ್ಡನ್ನ ಕಾಯಿಸ್ತೀರಾ?" ಎಂದ ಅವನು.

"ಇಲ್ಲ. ಪಕ್ಕಕ್ಕೆ ಎತ್ತಿಟ್ಟು ಉಳಿದಿದ್ದು ಕಳಿಸ್ತೀವಿ."

"ಮತ್ತೆ?"

ಇಷ್ಟು ವರ್ಷ ದಿನಾ ಮಾಡುತ್ತಿದ್ದ ಕೆಲಸ ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಹೇಗೆ ಮರೆತುಹೋಯಿತು!

ಅವನ ರೋಗ ಬೇರೆ. ಅರ್ಧ ಪ್ರಶ್ನೆ ಓದಿ ಉತ್ತರ ಗುರುತು ಮಾಡಿಬಿಡುತ್ತಿದ್ದ. ಅವಳು ಸಾಲಿನ ಮೇಲೆ ಸ್ಕೇಲು ಇಟ್ಟು, ಮಗುವಿಗೆ ಓದಿಸುವ ಹಾಗೆ ಓದಿಸುತ್ತಿದ್ದಳು. "ಪೂರ್ತಿ ಓದ್ರೀ. ಕೊನೇಲಿ 'ಅಲ್ಲ' ಅಂತ ಇದೆ ನೋಡಿ." ಅವನು ತಲೆ ಕೆರೆದುಕೊಳ್ಳುತ್ತಿದ್ದ. ಅವಳಿಗೆ ಆ ತಲೆ ಕೆರೆತವೂ ಮುದ್ದೆನಿಸತೊಡಗಿತು.

ಮನೆಯಲ್ಲಿ ಅಕ್ಕನಿಗೆ ಅನುಮಾನ. ಟೈಲರಿಂಗ್ ಮಾಡುವ ಅಕ್ಕನ ಕಣ್ಣಿಗೆ ಒಂದು ನೂಲೂ ತಪ್ಪುವುದಿಲ್ಲ. "ಅಲ್ಲ ಕಣೇ, ಇರೋದೊಂದು ಮೂಗು. ಅದಕ್ಕೆ ದಿನಾ ಕನ್ನಡಕ ಸರಿ ಮಾಡಿಸ್ತೀಯಲ್ಲ."

"ಓದೋಕೆ ಹೋಗ್ತೀನಿ ಅಕ್ಕಾ."

"ಹೂಂ. ಓದ್ತಿರೋದು ಮುಖದಲ್ಲೇ ಕಾಣ್ತಿದೆ."

ಅವಳು ತಟ್ಟೆಯಿಂದ ಮುಖವೆತ್ತಲಿಲ್ಲ. ಅಕ್ಕ ಹೇಳಿದ್ದು ಸುಳ್ಳಾಗಿದ್ದರೆ ತಾನೇ ಎತ್ತುವುದು!

ಒಂದು ಬೆಳಿಗ್ಗೆ ಅವನು ತುರ್ತು ಕನ್ನಡಕವೊಂದಕ್ಕೆ ಗಾಜು ಉಜ್ಜುತ್ತಿದ್ದ. ಮಿಷನ್ ಗುಂಯ್ ಎನ್ನುತ್ತಿತ್ತು. ಅವಳ ಮುಂದೆ ಚೀಲದೊಳಗಿನ ಕೆಂಪು, ನೀಲಿ ಚೆಂಡುಗಳ ಲೆಕ್ಕ. ಬೆರಳು ಅದರ ಮೇಲಿತ್ತು, ಮನಸ್ಸು ಇರಲಿಲ್ಲ. ಪರೀಕ್ಷೆ ಹತ್ತಿರ ಬಂತು. ಆಮೇಲೆ ಇಲ್ಲಿಗೆ ಬರಲು ಯಾವ ನೆಪವಿದೆ?

ಅವಳಿಗೇ ಗೊತ್ತಾಗದಂತೆ ಮಾತು ಹೊರಬಿತ್ತು. "ನನಗೆ ನೀವಂದ್ರೆ ತುಂಬಾ ಇಷ್ಟ. ಮನಸ್ಸಲ್ಲೇ ಇಟ್ಕೊಂಡು ಸಾಕಾಯ್ತು. ಏನ್ ಮಾಡ್ಲಿ, ನೀವೇ ಹೇಳಿ..."

ಅವನು ಗಾಜಿನಿಂದ ಕಣ್ಣು ತೆಗೆದು ಒಮ್ಮೆ ಅವಳ ಬೆರಳಿನತ್ತ ನೋಡಿದ. ಮತ್ತೆ ಗಾಜಿಗೆ ಬಾಗಿದ. "ಬಿಟ್ಟುಬಿಡಿ," ಎಂದ. "ಅದು ನಿಮಗಲ್ಲ. ಅದರ ಹಿಂದೆ ಬಿದ್ರೆ ಇರೋದೂ ಹಾಳಾಗುತ್ತೆ."

ಇಷ್ಟು ಸುಲಭವಾಗಿ...? ಮುಖ ಕೂಡ ನೋಡದೆ...?

ಪುಸ್ತಕ ಚೀಲಕ್ಕೆ ತುರುಕಿದಳು. ಮಿಷನ್ ನಿಲ್ಲುವಷ್ಟರಲ್ಲಿ ಕುರ್ಚಿ ಖಾಲಿಯಾಗಿತ್ತು.

ಆಮೇಲೆ ಅವಳು ಆ ಬೀದಿಗೇ ಹೋಗಲಿಲ್ಲ. ಫೋನಿಗೂ ಸಿಗಲಿಲ್ಲ. ಅವನೇ ಒಂದು ಮಧ್ಯಾಹ್ನ ಲಾಂಡ್ರಿಯ ಬಾಗಿಲಿಗೆ ಬಂದ. ಒಗೆದ ಬಟ್ಟೆಯ ಗಾಡಿ ನಡುವೆ ಅಡ್ಡ ನಿಲ್ಲಿಸಿಕೊಂಡೇ ಅವಳು ಮಾತಾಡಿದಳು.

"ಬೇಜಾರಾಯ್ತು ಅಂತ ಗೊತ್ತು," ಎಂದ ಅವನು. "ಅಷ್ಟು ಒರಟಾಗಿ ಹೇಳಬಾರದಿತ್ತು. ಆದ್ರೆ ಹೇಳಿದ್ದು ಸರಿ. ಪರೀಕ್ಷೆ ಮುಗಿಯೋವರೆಗೂ ಅಂಥದ್ದನ್ನ ಮುಟ್ಟೋಕೇ ಹೋಗ್ಬೇಡಿ."

"ಅಂಥದ್ದು..." ಎಂದಳು ಅವಳು.

"ಹೌದು. ಅಂಥವು ನನಗೂ ಬೇಕಾದಷ್ಟು ಬರುತ್ತೆ. ನೋಡಿದ ತಕ್ಷಣ ಬಿಟ್ಟು ಮುಂದೆ ಹೋಗ್ತಾ ಇರ್ತೀನಿ."

ಬೇಕಾದಷ್ಟು ಬರುತ್ತವಂತೆ! ನೋಡಿದ ತಕ್ಷಣ ಬಿಡುತ್ತಾನಂತೆ! ಇಂಥವನಿಗಾಗಿ ನಾನು...

"ಇನ್ನು ಇಲ್ಲಿಗೆ ಬರ್ಬೇಡಿ," ಎಂದಷ್ಟೇ ಹೇಳಿ ಗಾಡಿ ತಳ್ಳಿಕೊಂಡು ಒಳಗೆ ಹೋದಳು. ಪಾಪ, ಲೆಕ್ಕದ ಬಗ್ಗೆ ಇಷ್ಟೊಂದು ರೋಷವೇ ಎಂದು ಅವನು ಬಾಗಿಲಲ್ಲಿ ಕಣ್ಣು ಕಣ್ಣು ಬಿಡುತ್ತ ಉಳಿದ.

ಅಂದು ಸಂಜೆ ಅಕ್ಕ ಅವಳ ಕೆಂಪಾದ ಕಣ್ಣು ನೋಡಿ ಹೊಲಿಗೆ ಮಿಷನ್ ನಿಲ್ಲಿಸಿದಳು. ಏನಾಯಿತೆಂದು ಕೇಳಲಿಲ್ಲ. "ಕೋಪ ಅವನ ಮೇಲಿದ್ರೆ ಅವನ ಮೇಲೇ ಇರ್ಲಿ. ಪರೀಕ್ಷೆ ಏನು ತಪ್ಪು ಮಾಡಿದೆ? ಪುಸ್ತಕ ತೆಗಿ," ಎಂದಳು.

ತೆಗೆದಳು. ಅತ್ತುಕೊಂಡೇ ಓದಿದಳು. ಓದುವ ರೀತಿ ಮಾತ್ರ ಅವನು ಹೇಳಿಕೊಟ್ಟದ್ದೇ, ಬದಲಾಯಿಸಲು ಮನಸ್ಸು ಬರಲಿಲ್ಲ.

ಪರೀಕ್ಷೆಯ ದಿನ ಅವನು ಮೂಲೆಯ ಕಂಪ್ಯೂಟರ್ ಮುಂದೆ ಕೂತಿದ್ದ. ಅವಳು ಅತ್ತ ನೋಡಲಿಲ್ಲ. ನಡುವೆ ಒಂದು ಪ್ರಶ್ನೆ ಬಂತು, ಓದಿದರೂ ತಲೆಬುಡ ತಿಳಿಯಲಿಲ್ಲ. ಹಿಂದಿನ ಅವಳಾಗಿದ್ದರೆ ಅಲ್ಲೇ ಹೂತುಹೋಗುತ್ತಿದ್ದಳು. ಒಂದು ಉತ್ತರ ಊಹಿಸಿ ಒತ್ತಿದಳು. ಮುಂದಿನದಕ್ಕೆ ಹೋದಳು.

ಅಂಕ ಮೂಡಿತು. ಅವಳ ಕೈ ಬಾಯಿಗೆ ಹೋಯಿತು.

ಬೇಕಾಗಿದ್ದಕ್ಕಿಂತ ಸ್ವಲ್ಪ ಮೇಲೆ! ಮನೆಯಲ್ಲಿ ಹೊಸ ಪತ್ರಿಕೆ ಬರೆದಾಗ ಬರುತ್ತಿದ್ದಷ್ಟೇ. ಈ ಸಲ ಅದು ಅವಳದೇ ಅಂಕ. ಎರಡೆರಡು ಸಲ ಓದಿ, ಇಟ್ಟುಕೊಳ್ಳುತ್ತೇನೆ ಎಂದು ಒತ್ತಿದಳು.

ಹೊರಗೆ ಅವನೂ ಬಂದ. "ಈ ಸಲ ಪೂರ್ತಿ ಓದಿ ಒತ್ತಿದೆ. ನನಗೂ ಸಂಜೆ ಕಾಲೇಜಿಗೆ ಸಾಕಾಗುತ್ತೆ," ಎಂದ ಮೆಲ್ಲಗೆ. "ನಿಮ್ಮದು?"

"ಆಯ್ತು. ನೀವು ಹೇಳಿದ ಹಾಗೇ ಮಾಡಿದೆ. ಪ್ರಶ್ನೆನೂ ಬಿಟ್ಟೆ, ನಿಮ್ಮನ್ನೂ ಬಿಟ್ಟೆ."

"ನನ್ನನ್ನ ಯಾಕೆ ಬಿಟ್ರಿ?"

"ನೀವೇ ತಾನೇ ಹೇಳಿದ್ದು, ಬಿಟ್ಟುಬಿಡಿ, ಅದು ನಿಮಗಲ್ಲ ಅಂತ!"

"ನಾನು ಹೇಳಿದ್ದು ಚೆಂಡಿನ ಲೆಕ್ಕದ ಬಗ್ಗೆ."

ಅವಳು ಲಾಕರ್‌ಗೆ ಒರಗಿದಳು.

"ಚೆಂಡಿನ... ನಾನು ಏನು ಕೇಳಿದೆ ಅಂತ ನಿಮಗೆ ಕೇಳಿಸ್ಲಿಲ್ವಾ?"

"ಮಿಷನ್ ಓಡ್ತಿತ್ತಲ್ಲ. 'ಏನ್ ಮಾಡ್ಲಿ, ನೀವೇ ಹೇಳಿ' ಅಂದಿದ್ದು ಕೇಳಿಸ್ತು. ಬೆರಳು ಆ ಲೆಕ್ಕದ ಮೇಲಿತ್ತು. ಅದಕ್ಕೇ..." ಅವನ ಮುಖ ಬಿಳಿಚಿಕೊಂಡಿತು. "ಅದಕ್ಕೂ ಮುಂಚೆ ಏನೋ ಹೇಳಿದ್ರಾ?"

ಪೂರ್ತಿ ಪ್ರಶ್ನೆ ಕೇಳದೇ ಉತ್ತರ ಕೊಟ್ಟಿದ್ದ ಮಹಾನುಭಾವ! ಅವಳಿಗೆ ನಗುವೋ ಅಳುವೋ ತಿಳಿಯಲಿಲ್ಲ. ಲಾಂಡ್ರಿ ಬಾಗಿಲಲ್ಲಿ ಅವನು ಅಂದದ್ದೂ ಲೆಕ್ಕದ ಮಾತೇ. ಇಷ್ಟು ದಿನ ಅತ್ತದ್ದೆಲ್ಲ ಕೆಂಪು, ನೀಲಿ ಚೆಂಡುಗಳಿಗಾಗಿ.

"ಹೇಳಿ," ಎಂದ ಅವನು. "ಈಗ ಪೂರ್ತಿ ಕೇಳಿಸ್ಕೋತೀನಿ."

ಮೇಜಿನ ಹಿಂದೆ ಗುರುತಿನ ಚೀಟಿ ನೋಡುವ ಹೆಂಗಸು, ಸಾಲಿನಲ್ಲಿ ನಿಂತ ಪರೀಕ್ಷಾರ್ಥಿಗಳು. ಎಲ್ಲರ ಎದುರಿಗೆ... ಹೇಗೆ ಹೇಳಲಿ? ಪರೀಕ್ಷೆಗಾದರೆ ತಯಾರಿ ಇತ್ತು, ಇದಕ್ಕೆ ಯಾವುದೂ ಇಲ್ಲ.

"ನನಗೆ ನೀವಂದ್ರೆ ತುಂಬಾ ಇಷ್ಟ," ಎಂದಳು. "ಮನಸ್ಸಲ್ಲೇ ಇಟ್ಕೊಂಡು ಸಾಕಾಯ್ತು. ಅದನ್ನ ಹೇಳಿದ್ದೆ."

ನಿಂತವನು ಮೆಲ್ಲಗೆ ಬೆಂಚಿನ ಮೇಲೆ ಕುಸಿದ.

"ಏನಾದ್ರೂ ಹೇಳಿ..."

"ನಿಮಗೆ ಓದಿನಲ್ಲಷ್ಟೇ ಮನಸ್ಸು ಅಂದ್ಕೊಂಡಿದ್ದೆ. ಪರೀಕ್ಷೆ ಮುಗೀಲಿ, ಆಮೇಲೆ ಕೇಳೋಣ ಅಂತ ಕಾಯ್ತಿದ್ದೆ. ಅಷ್ಟರಲ್ಲಿ ನೀವು ಬರೋದೇ ನಿಲ್ಲಿಸಿದ್ರಿ." ಅವನ ಕಣ್ಣಂಚು ಒದ್ದೆಯಾಗಿತ್ತು. "ಆ ಕುರ್ಚೀಲಿ ಗಿರಾಕಿ ಕೂತ್ರೂ ನನಗೆ ಸಂಕಟ ಆಗ್ತಿತ್ತು."

ಅವಳು ಪಕ್ಕದಲ್ಲಿ ಕೂತಳು. ಅವನು ಅವಳ ಬಾಡಿದ ಮುಖ ನೋಡಿದ.

"ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ?"

ಅವಳು ಬೆಚ್ಚಿ ತಲೆಯೆತ್ತಿದಳು. ತಿಂದಿದ್ದೀರಾ ಅಲ್ಲ... ತಿಂದಿದ್ದೀಯಾ.

ಅವನಿಗೂ ಆಗಲೇ ಗೊತ್ತಾಗಿದ್ದು. ನಾಲಿಗೆ ಕಚ್ಚಿಕೊಂಡ. "ಬಾಯಿ ತಪ್ಪಿ ಬಂತು ಮೇಡಂ. ತಿಂದಿದ್ದೀರಾ ಅಂತ..."

"ಅದಲ್ಲ," ಎಂದಳು ಅವಳು. "ಮೊದಲು ಕೇಳಿದ್ಯಲ್ಲ, ಹಾಗೇ ಇನ್ನೊಂದ್ಸಲ ಕೇಳು."

"ತಿಂದಿದ್ದೀಯಾ?"

"ಇಲ್ಲ. ಹಸಿವಾಗ್ತಿದೆ. ನಡಿ, ಹೋಗೋಣ."